ಉತ್ತರ ಬರದಿದ್ದರ ಏನ್ರಿ?

ಕಾರ್ಖಾನೆಯಲ್ಲಿ ಅಷ್ಟು ವರ್ಷ ದುಡಿದೆ, ಒಂದು ಕಂಪ್ಯೂಟರ್ ಪ್ರೋಗ್ರಾಮನ್ನೂ ನಾನಾಗಿ ಬರೆಯಲಿಲ್ಲ. ಹೀಗಂದರೆ ಈಗ ಕೆಲಸಕ್ಕೆ ಸೇರುವ ಹುಡುಗಿಯರು ನಗುತ್ತಾರೆ. ಮತ್ತೇನು ಮಾಡುತ್ತಿದ್ದಿರಿ ಅಂತ ಕೇಳುತ್ತಾರೆ. ಓದುತ್ತಿದ್ದೆ. ಬೇರೆಯವರು ಬರೆದದ್ದನ್ನು ಸಾಲು ಸಾಲಾಗಿ ಓದಿ, ಇದು ಎಲ್ಲಿ ಕೈಕೊಡುತ್ತದೆ ಅಂತ ಹುಡುಕುತ್ತಿದ್ದೆ. ಅದು ಬೇಸರದ ಕೆಲಸ ಅಂತ ನಿಮಗೆ ಯಾರಾದರೂ ಹೇಳಿದ್ದರೆ, ಅವರು ಅದನ್ನು ಮಾಡಿಲ್ಲ ಅಂತಲೇ ಅರ್ಥ. ಇಪ್ಪತ್ತು ಹಾಳೆ ಓದಿರುತ್ತೀರಿ, ಎಲ್ಲ ಸರಿ ಇರುತ್ತದೆ. ಇಪ್ಪತ್ತೊಂದನೆಯದರಲ್ಲಿ ಒಂದು ಸಾಲಿನ ಮೇಲೆ ಕಣ್ಣು ನಿಲ್ಲುತ್ತದೆ. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ನನಗೆ ಮೈ ಜುಮ್ ಅನ್ನುತ್ತದೆ.

ಆದರೆ ಆ ಕೆಲಸದ ಮೊದಲ ಪಾಠ ನನಗಾದದ್ದು ಕಂಪ್ಯೂಟರಿನ ಮುಂದೆ ಅಲ್ಲ, ಟೆಲಿಫೋನ್ ಬೋರ್ಡಿನ ಮುಂದೆ.

ಎಪ್ಪತ್ತರ ದಶಕದ ನಡುವಿನ ಮಾತು. ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿ ಅನಗೋಳದ ಮನೆಯಲ್ಲಿ ಕುಳಿತಿದ್ದೆ. ಬೆಳಗಾವಿಯ ಒಂದು ಕಾರ್ಖಾನೆಗೆ ಸ್ವಿಚ್‌ಬೋರ್ಡ್ ಆಪರೇಟರ್ ಬೇಕಾಗಿತ್ತು. ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆ, ಹೆಸರು ಬೇಡ. ನನ್ನ ಗಣಿತ ಅವರಿಗೆ ಬೇಕಿರಲಿಲ್ಲ. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕರಲ್ಲೂ "ಸ್ವಲ್ಪ ತಡೀರಿ" ಅನ್ನಲು ಬಂದರೆ ಸಾಕಿತ್ತು. ನಮ್ಮ ಓಣಿಯಲ್ಲಿ ಬೆಳೆದವರಿಗೆ ಅದೇನು ದೊಡ್ಡದಲ್ಲ. ಸೇರಿದೆ.

ಬೋರ್ಡಿನ ಹಿರಿಯ ಆಪರೇಟರ್ ಲೀಲಾಬಾಯಿ. ಐವತ್ತರ ಹೆಂಗಸು, ಬಾಯಲ್ಲಿ ಸದಾ ಒಂದು ಲವಂಗ. ಆಗ ಊರಿಂದೂರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಬೇಕಿತ್ತು. ನಂಬರ್ ಹೇಳಿ ಫೋನ್ ಇಡಬೇಕು. ಆಮೇಲೆ ಅವರೇ ನಮ್ಮನ್ನು ಕರೆಯುತ್ತಾರೆ. ಯಾವಾಗ? ಅರ್ಧ ತಾಸಿಗೋ, ಸಂಜೆಗೋ, ಬರುವುದೇ ಇಲ್ಲವೋ. ಅಷ್ಟರೊಳಗೆ ಸಾಹೇಬರೆಲ್ಲ ಬೇರೆ ಕೆಲಸ ಮಾಡುತ್ತಲೇ ಇರಬೇಕು. ಇಂಥ ಹತ್ತು ಹನ್ನೆರಡು ಕಾಲ್‌ಗಳು ಒಟ್ಟಿಗೇ ಗಾಳಿಯಲ್ಲಿ ತೂಗಾಡುತ್ತಿದ್ದವು. ಲೀಲಾಬಾಯಿ ಒಂದೊಂದು ಕಾಲ್‌ಗೂ ಒಂದು ಚೀಟಿ ಬರೆದು ಎಡಗಡೆಯ ಮೊಳೆಗೆ ಚುಚ್ಚುತ್ತಿದ್ದರು. ಮಾತು ಮುಗಿದ ಚೀಟಿ ಬಲಗಡೆಯ ಮೊಳೆಗೆ. ಮುಗಿಯದಿದ್ದರೆ ಯಾಕೆ ಅಂತ ಅದರ ಮೇಲೇ ಬರೆಯಬೇಕು.

ಮೊದಲ ವಾರ ನಾನು ಎಲ್ಲದರ ಮೇಲೂ "ಆಗಲಿಲ್ಲ" ಅಂತ ಬರೆದೆ. ಲೀಲಾಬಾಯಿ ಕನ್ನಡಕ ಇಳಿಸಿ ನೋಡಿದರು.

"ಆಗಲಿಲ್ಲ ಅಂದ್ರ ಏನವ್ವಾ? ಲೈನ್ ಕೆಟ್ಟಿತ್ತೋ, ಗಂಟಿ ಹೊಡದ್ರೂ ಎತ್ತಲಿಲ್ಲೋ, ಎತ್ತಿದ್ರು ಆದ್ರ ಬೇಕಾದಾವ್ರ ಇರಲಿಲ್ಲೋ? ಮೂರೂ ಬ್ಯಾರೆ ಬ್ಯಾರೆ. ಮೂರಕ್ಕೂ ಮುಂದ ಮಾಡೂ ಕೆಲಸ ಬ್ಯಾರೆ."

ಈಗಿನ ಮಕ್ಕಳು ಪ್ರೋಗ್ರಾಮಿನಲ್ಲಿ ಎಂಥ ತಪ್ಪಾದರೂ ಒಂದೇ ಸಂದೇಶ ಬರೆದು ಕೈ ತೊಳೆದುಕೊಳ್ಳುವುದನ್ನು ಕಂಡಾಗ ನನ್ನ ಕಿವಿಯಲ್ಲಿ ಆ ಲವಂಗದ ದನಿಯೇ ಕೇಳುತ್ತದೆ.

ನನ್ನ ಮೊದಲ ದೊಡ್ಡ ಎಡವಟ್ಟು ಅಲ್ಲೇ ಆಯಿತು. ಮಾರಾಟದ ಮ್ಯಾನೇಜರು ಪುಣೆಗೆ ಅರ್ಜೆಂಟ್ ಕಾಲ್ ಬುಕ್ ಮಾಡಿಸಿದರು. ಹೊರಡಲಿದ್ದ ಮಾಲಿನ ತೂತಿನ ಅಳತೆ ಬದಲಾಗಿದೆಯೋ ಇಲ್ಲವೋ ಅಂತ ಕೇಳಬೇಕಿತ್ತು. "ನಾ ಊಟಕ್ಕ ಹೋಗ್ತೀನಿ. ಫೋನ್ ಬಂದ್ರ ನೀವ ಕೇಳಿ ಬರ್ಕೊಳ್ರಿ" ಅಂದು ಹೋದರು. ಸ್ವಲ್ಪ ಹೊತ್ತಿಗೆ ನನಗೂ ಹಸಿವಾಯಿತು, ಊಟಕ್ಕೆ ಹೋದ ಲೀಲಾಬಾಯಿ ಇನ್ನೂ ಬಂದಿರಲಿಲ್ಲ. ಬೋರ್ಡಿನ ಮುಂದೆ ಸ್ಟೋರಿನ ಗುಮಾಸ್ತರನ್ನು ಕೂರಿಸಿ ಹೋದೆ. ಮೊಳೆಗೆ ಚುಚ್ಚದೆ ಚೀಟಿ ನನ್ನ ಪರ್ಸಿನಲ್ಲೇ ಉಳಿಯಿತು. ನಾನು ಡಬ್ಬಿ ಬಿಚ್ಚುವಷ್ಟರಲ್ಲಿ ಪುಣೆ ಬಂತಂತೆ. ಗುಮಾಸ್ತರು "ಯಾರೂ ಇಲ್ಲ" ಅಂದು ಇಟ್ಟರಂತೆ. ಇತ್ತ ಲಾರಿ ಹೊರಟೇಹೋಯಿತು. ಮತ್ತೆ ಪುಣೆ ಸಿಕ್ಕಾಗ ಗೊತ್ತಾಯಿತು, ಅಳತೆ ಬದಲಾಗಿತ್ತು. ಮ್ಯಾನೇಜರು ಮೋಟಾರ್ ಸೈಕಲ್ ಹತ್ತಿ ನಿಪ್ಪಾಣಿಯ ಹತ್ತಿರ ಲಾರಿ ಹಿಡಿದು ತಿರುಗಿಸಿಕೊಂಡು ಬಂದಾಗ ಅವರ ಹುಬ್ಬಿನ ಮೇಲೆ ಬೆರಳಲ್ಲಿ ಬರೆಯುವಷ್ಟು ಧೂಳಿತ್ತು. ನಾನು ಅಳುತ್ತ ನಿಂತಿದ್ದೆ.

ಲೀಲಾಬಾಯಿ ಬೈಯಲಿಲ್ಲ. "ಉತ್ತರ ಬಂದಿತ್ತು, ಯವ್ವಾ. ಇಸಗೊಳ್ಳಾಕ ಯಾರೂ ಇರಲಿಲ್ಲ. ಕೇಳಿದಾಕಿ ಎದ್ದು ಹೋಗೂದಿದ್ರ, ಏನ್ ಕೇಳೀನಿ, ಯಾರಿಗೆ ಹೇಳಬೇಕು ಅಂತ ಅಲ್ಲೇ ಬರದಿಟ್ಟು ಹೋಗಬೇಕು" ಅಂದರು. ಅಷ್ಟೇ. ನನಗೆ ಅದಕ್ಕಿಂತ ದೊಡ್ಡ ತರಬೇತಿ ಆಮೇಲೆ ಯಾರೂ ಕೊಡಲಿಲ್ಲ.

ಎಂಬತ್ತರ ದಶಕ ಶುರುವಾದ ಮೇಲೆ ಅದೇ ಕಾರ್ಖಾನೆಯವರು ಊರಾಚೆಯ ಮಚ್ಛೆಯಲ್ಲಿ ಒಂದು ತಗಡಿನ ಶೆಡ್ಡು ಹಾಕಿ ಎಲೆಕ್ಟ್ರಾನಿಕ್ಸ್ ವಿಭಾಗ ತೆರೆದರು. ಅದರ ಮುಖ್ಯಸ್ಥರು ಇನಾಮದಾರ ಸರ್. ತಲೆಮಾರುಗಳಿಂದ ಬೆಳಗಾವಿಯಲ್ಲೇ ಇದ್ದ ಮನೆತನ. ಮನೆಯಲ್ಲಿ ಉರ್ದು, ನಮ್ಮ ಜೊತೆ ಅಪ್ಪಟ ಬೆಳಗಾವಿ ಕನ್ನಡ. ಕಡ್ಡಿಯಂಥ ಮನುಷ್ಯ, ಆದರೆ ದನಿ ಮಾತ್ರ ಶೆಡ್ಡಿನ ತಗಡು ನಡುಗಿಸುವಂಥದ್ದು. ಹೊಸದೇನಾದರೂ ಕಂಡರೆ ಮಕ್ಕಳ ಹಾಗೆ ಕುಣಿಯುತ್ತಿದ್ದರು. ಅಂಗೈಯಲ್ಲಿ ಒಂದು ಪುಟ್ಟ ಚಿಪ್ ಇಟ್ಟುಕೊಂಡು, "ನೋಡ್ರಿ ಸುಮನಬಾಯಿ, ಇದರಾಗ ಅಂಕಿ ಅಕ್ಷರದ ಎರಡ ಸಾವಿರ ಜೋಡಿ ಹಿಡಸ್ತಾವ! ಇಡೀ ಯಂತ್ರದ ಬುದ್ಧಿ ಇಲ್ಲೇ ಐತಿ!" ಅಂತ ಕೂಗಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸುಮನ್ ನನ್ನ ಹೆಸರು.

ಪ್ರೋಗ್ರಾಮನ್ನು ಆಗ ಉದ್ದ ಗೆರೆಹಾಳೆಯ ಮೇಲೆ ಕೈಯಿಂದ ಬರೆಯುತ್ತಿದ್ದರು. ಅದನ್ನು ಅಂಕಿ ಅಕ್ಷರಗಳ ಜೋಡಿಗಳಾಗಿ ತಿರುಗಿಸಿ, ಒಂದು ಸಣ್ಣ ಕೀಲಿಮಣೆಯಲ್ಲಿ ಒತ್ತಿ, ಚಿಪ್ಪಿನೊಳಗೆ ತುಂಬಬೇಕು. ಚಿಪ್ಪಿಗೆ ಒಂದು ಗಾಜಿನ ಕಿಟಕಿ. ಬಿಸಿಲಿನಿಂದ ಒಳಗಿನದು ಅಳಿಸಿಹೋಗಬಾರದು ಅಂತ ಅದರ ಮೇಲೆ ಕಾಗದ ಅಂಟಿಸುತ್ತಿದ್ದೆವು. ತಪ್ಪಾದರೆ ಕಾಗದ ಕಿತ್ತು, ವಿಶೇಷ ದೀಪದ ಕೆಳಗೆ ಅರ್ಧ ತಾಸು ಇಟ್ಟು, ಎಲ್ಲ ಅಳಿಸಿ, ಮತ್ತೆ ಮೊದಲಿಂದ ತುಂಬುವುದು. ಸ್ವಿಚ್‌ಬೋರ್ಡಿನಲ್ಲಿ ನನ್ನ ಬೆರಳು ಬಲು ಚುರುಕು ಅಂತ ಕೇಳಿ, ಆ ಜೋಡಿಗಳನ್ನು ಒತ್ತುವುದಕ್ಕೆ ಇನಾಮದಾರ ಸರ್ ನನ್ನನ್ನು ಮಚ್ಛೆಗೆ ಕರೆಸಿಕೊಂಡರು.

ಪ್ರೋಗ್ರಾಮ್ ಬರೆಯುತ್ತಿದ್ದವನು ಪ್ರಕಾಶ. ನನಗಿಂತ ಚಿಕ್ಕವನು, ಆಗತಾನೇ ಇಂಜಿನಿಯರಿಂಗ್ ಮುಗಿಸಿದ್ದ. ಅಕ್ಷರ ಮುತ್ತಿನಂಥದ್ದು, ತಲೆ ಅದಕ್ಕಿಂತ ಚೊಕ್ಕ. ಅದು ಅವನಿಗೂ ಗೊತ್ತಿತ್ತು. ಒತ್ತುತ್ತ ಒತ್ತುತ್ತ ನನಗೆ ಅವನು ಬರೆದದ್ದು ಅರ್ಥವಾಗತೊಡಗಿತು. ಒಂದು ದಿನ ಒಂದು ಸಾಲಿನ ಹತ್ತಿರ ಬೆರಳು ನಿಂತಿತು. ಪ್ರೋಗ್ರಾಮು ಶಾಖ ಅಳೆಯುವ ಭಾಗಕ್ಕೆ "ಎಷ್ಟಾಗಿದೆ" ಅಂತ ಕೇಳುತ್ತದೆ, ಉತ್ತರ ಬಂತೇ ಅಂತ ನೋಡುತ್ತದೆ, ಬಂದಿಲ್ಲವಾದರೆ ಮತ್ತೆ ನೋಡುತ್ತದೆ, ಮತ್ತೆ ನೋಡುತ್ತದೆ.

"ಪ್ರಕಾಶ, ಉತ್ತರ ಬರದಿದ್ದರ ಏನ್ರಿ?" ಅಂದೆ.

"ಬರ್ತದ ಅಕ್ಕಾರ. ಅದರ ಕೆಲಸಾನ ಅದು."

"ತಂತಿ ಕಿತ್ತಿದ್ದರ?"

ಆಚೆ ಮೇಜಿನಿಂದ ಇನಾಮದಾರ ಸರ್ ಎದ್ದು ಬಂದರು. ತಾವೇ ಆ ತಂತಿ ಕಿತ್ತರು. ಯಂತ್ರ ಅಲ್ಲೇ ಮರಗಟ್ಟಿ ನಿಂತಿತು. ಯಾವ ಗುಂಡಿ ಒತ್ತಿದರೂ ಮಿಸುಕಲಿಲ್ಲ. ಸರ್ ತಮ್ಮ ಮೇಜಿನ ಕೆಂಪು ಪೆನ್ಸಿಲ್ ತಂದು ನನ್ನ ಕೈಗಿಟ್ಟರು.

"ನಾಳಿಂದ ನೀವು ಒತ್ತೂದು ಬ್ಯಾಡ. ಓದ್ರಿ. ನೀವು ಓದಿ ಸಹಿ ಹಾಕದ ಹಾಳಿ ಚಿಪ್ಪಿನೊಳಗ ಹೋಗೂದಿಲ್ಲ."

ಹೀಗೆ ಶುರುವಾಯಿತು. ಪ್ರೋಗ್ರಾಮು ಎಲ್ಲೆಲ್ಲಿ ಏನನ್ನೋ ಕೇಳಿ ಕಾಯುತ್ತದೋ ಅಲ್ಲೆಲ್ಲ ಅಂಚಿನಲ್ಲಿ ನಾಲ್ಕು ಪ್ರಶ್ನೆ ಬರೆಯುತ್ತಿದ್ದೆ: ಉತ್ತರ ಬರದಿದ್ದರೆ? ತಡವಾಗಿ ಬಂದರೆ? ಎರಡು ಸಲ ಬಂದರೆ? ತಪ್ಪು ಉತ್ತರ ಬಂದರೆ? ಪ್ರಕಾಶನ ಮುತ್ತಿನ ಹಾಳೆಗಳು ಕೆಂಪಾಗಿ ಹಿಂದಿರುಗುತ್ತಿದ್ದವು. "ಅಕ್ಕಾರ, ನಾ ಒಂದು ಸಾಲ ಬರದ್ರ ನೀವು ಹತ್ತ ಸಾಲ ಬರಸ್ತೀರಿ!" ಅಂತ ಸಿಡುಕುತ್ತಿದ್ದ. ಖರೆ ಹೇಳಿದರೆ ಕೆಲವು ಸಲ ನಾನು ಬೇಡದ್ದನ್ನೂ ಕೇಳುತ್ತಿದ್ದೆ. ಆಗ ನನಗೆ ಸ್ವಲ್ಪ ಜಂಬ ಬಂದಿತ್ತು.

ಜಂಬ ಇಳಿಸಿದ್ದು ಖಾನಾಪುರದ ಮಣ್ಣು.

ಬೆಳಗಾವಿಯ ಪಕ್ಕದ ಖಾನಾಪುರದ ಮಣ್ಣು ಹಂಚಿಗೆ ಹೇಳಿ ಮಾಡಿಸಿದ್ದು. ಅಲ್ಲಿಯ ಒಂದು ಹಂಚಿನ ಕಾರ್ಖಾನೆಗೆ ನಾವು ಮಣ್ಣಿಗೆ ನೀರು ಅಳೆದು ಬಿಡುವ ಯಂತ್ರ ಮಾಡಿಕೊಟ್ಟೆವು. ಮುಖ್ಯ ಪೆಟ್ಟಿಗೆಯಿಂದ "ಇಷ್ಟು ನೀರು ಬಿಡು" ಅಂತ ತಂತಿಯಲ್ಲಿ ಆಜ್ಞೆ ಹೋಗುತ್ತದೆ. ದೂರದ ಪೆಟ್ಟಿಗೆ ನೀರು ಬಿಟ್ಟು "ಬಿಟ್ಟೆ" ಅನ್ನುತ್ತದೆ. "ಬಿಟ್ಟೆ" ಅಂತ ಬರದಿದ್ದರೆ? ನಾನೇ ಅಂಚಿನಲ್ಲಿ ಬರೆದೆ: ಮತ್ತೊಮ್ಮೆ ಹೇಳಬೇಕು. ಪ್ರಕಾಶ ಹಾಗೇ ಮಾಡಿದ. ಸಹಿ ಹಾಕಿದೆ.

ಮೂರನೆಯ ದಿನ ಖಾನಾಪುರದಿಂದ ಕರೆ ಬಂತು. ಹೋಗಿ ನೋಡಿದರೆ, ಮಣ್ಣು ಕಲಸುವ ತೊಟ್ಟಿ ತುಂಬಿ, ಕೆಂಪು ರಾಡಿ ಹರಿದು ಬಾಗಿಲ ತನಕ ಬಂದಿದೆ. ಭಟ್ಟಿ ಮೇಸ್ತ್ರಿ ತುಕಾರಾಮ್ ಮೊಣಕಾಲ ತನಕ ಅದರಲ್ಲೇ ನಿಂತಿದ್ದರು. ದೊಡ್ಡ ಮೀಸೆಯ, ಅರವತ್ತರ ಹತ್ತಿರದ ಮನುಷ್ಯ. ಮನೆಮಾತು ಮರಾಠಿ, ನಮ್ಮ ಮೇಲೆ ಸಿಟ್ಟು ಬಂದಾಗ ಮಾತ್ರ ಸ್ವಚ್ಛ ಕನ್ನಡ.

"ಅಹೋ ಬಾಯಿ, ಹಂಚ ಮಾಡಾಕ ಮಣ್ಣ ಕಲಸ್ರಿ ಅಂದ್ರ ನೀವು ಅಂಬಲಿ ಮಾಡೀರಲ್ಲ! ಇದನ್ನ ಕುಡೀಬೇಕೇನು?"

ಆಳುಗಳೆಲ್ಲ ನಕ್ಕರು. ನನಗೂ ನಗು ಬಂತು, ಅಳುವೂ ಬಂತು. ಇಡೀ ದಿನ ಅಲ್ಲೇ ಕುಳಿತು ನೋಡಿದೆವು. ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು. ಬಾಜುವಿನ ದೊಡ್ಡ ಮೋಟಾರು ಶುರುವಾದಾಗಲೆಲ್ಲ ತಂತಿಯಲ್ಲಿ ಗದ್ದಲ ಎದ್ದು "ಬಿಟ್ಟೆ" ಅನ್ನುವ ಉತ್ತರ ಕೆಟ್ಟುಹೋಗುತ್ತಿತ್ತು. ನೀರು ಬಿಟ್ಟಾಗಿತ್ತು, ಸುದ್ದಿ ಮುಟ್ಟಿರಲಿಲ್ಲ. ನನ್ನ ಸಲಹೆಯಂತೆ ಮುಖ್ಯ ಪೆಟ್ಟಿಗೆ ಮತ್ತೆ "ಬಿಡು" ಅಂದಿತ್ತು. ದೂರದ ಪೆಟ್ಟಿಗೆ ವಿಧೇಯತೆಯಿಂದ ಮತ್ತೆ ಬಿಟ್ಟಿತ್ತು.

ಕೆಲಸ ಆಗಿಲ್ಲ ಅನ್ನುವುದು ಬೇರೆ, ಆಗಿದೆಯೋ ಇಲ್ಲವೋ ಗೊತ್ತಿಲ್ಲ ಅನ್ನುವುದು ಬೇರೆ. ಚೀಟಿಯ ಮೇಲೆ ಮೂರು ಕಾರಣ ಬೇರೆ ಬೇರೆ ಬರೆಯಲು ಕಲಿತಿದ್ದ ನಾನೇ ಇಲ್ಲಿ ಎರಡನ್ನೂ ಒಂದೇ ಮಾಡಿದ್ದೆ! ರಾಡಿಯ ಅಂಚಿನಲ್ಲಿ ಒಂದು ಹಲಗೆಯ ಮೇಲೆ ಕುಳಿತೇ ಉಪಾಯ ಹೊಳೆಯಿತು. ಟ್ರಂಕ್ ಕಾಲ್ ಬುಕ್ ಮಾಡಿದಾಗ ಒಂದು ನಂಬರ್ ಕೊಡುತ್ತಿದ್ದರು, ಎರಡನೇ ಸಲ ಕೇಳಿದಾಗ ಅದೇ ನಂಬರ್ ಹೇಳಿದರೆ ಅದು ಹೊಸ ಕಾಲ್ ಆಗುತ್ತಿರಲಿಲ್ಲ. ಹಾಗೆಯೇ ಒಂದೊಂದು ಆಜ್ಞೆಗೂ ಒಂದು ನಂಬರ್. ಅದೇ ನಂಬರ್ ಎರಡನೇ ಸಲ ಬಂದರೆ ನೀರು ಬಿಡಬೇಡ, "ಬಿಟ್ಟಾಗಿದೆ" ಅಂತ ಮತ್ತೆ ಹೇಳು, ಸಾಕು. ಪ್ರಕಾಶ ಹಲಗೆಯ ಮೇಲಿಂದ ಎದ್ದು "ಅಕ್ಕಾರ!" ಅಂತ ಕೂಗಿದ ರಭಸಕ್ಕೆ ಕಾಲು ಜಾರಿ ರಾಡಿಯಲ್ಲಿ ಕುಳಿತೇಬಿಟ್ಟ. ಅವತ್ತಿನಿಂದ ಅವನು ನನ್ನ ಮೇಲೆ ಸಿಡುಕುವುದನ್ನು ಬಿಟ್ಟ. ನಾನೂ ಬೇಡದ್ದನ್ನು ಕೇಳುವುದನ್ನು ಕಡಿಮೆ ಮಾಡಿದೆ.

ಈಗ ದೊಡ್ಡ ಕಥೆಗೆ ಬರುತ್ತೇನೆ.

ಅದೇ ಹಂಚಿನ ಕಾರ್ಖಾನೆಯಲ್ಲಿ ಎಣ್ಣೆಯಿಂದ ಉರಿಯುವ ಹೊಸ ಭಟ್ಟಿ ಕಟ್ಟಿದರು. ಪಂಪು ಎಣ್ಣೆಯನ್ನು ತಳ್ಳುತ್ತದೆ, ವಾಲ್ವ್ ತೆರೆಯುತ್ತದೆ, ಕಿಡಿ ಹಾರುತ್ತದೆ, ಜ್ವಾಲೆ ಹೊತ್ತುತ್ತದೆ. ಜ್ವಾಲೆ ಕಂಡಿತೇ ಅಂತ ಹೇಳಲು ಒಂದು ವಿದ್ಯುತ್ ಕಣ್ಣು. ಐದು ಸೆಕೆಂಡಿನಲ್ಲಿ ಜ್ವಾಲೆ ಕಾಣದಿದ್ದರೆ ಎಣ್ಣೆ ನಿಲ್ಲಿಸಲೇಬೇಕು. ಇಲ್ಲವಾದರೆ ಹೊತ್ತದ ಎಣ್ಣೆ ಬಿಸಿ ಭಟ್ಟಿಯೊಳಗೆ ಆವಿಯಾಗಿ ತುಂಬಿಕೊಂಡು, ಆಮೇಲೆ ಯಾವುದೋ ಕಿಡಿಗೆ ಒಮ್ಮೆಲೇ ಹೊತ್ತಿದರೆ ಭಟ್ಟಿಯ ಗೋಡೆಯೇ ಹಾರುತ್ತದೆ. ಸುತ್ತ ಹಂಚು ಹೊರುವ ಹೆಂಗಸರು, ಗಂಡಸರು ಓಡಾಡುತ್ತಲೇ ಇರುತ್ತಾರೆ. ಇದನ್ನು ತಿಳಿದೇ ನಾನು ಆ ಪ್ರೋಗ್ರಾಮನ್ನು ಎರಡು ಸಲ ಓದಿದ್ದೆ. ಕಣ್ಣು ಉತ್ತರ ಕೊಡದಿದ್ದರೆ? ಬರೆದಿತ್ತು. ತಡವಾಗಿ ಕೊಟ್ಟರೆ? ಬರೆದಿತ್ತು. ತೃಪ್ತಿಯಿಂದ ಎಲ್ಲ ಹಾಳೆಗೂ ಸಹಿ ಹಾಕಿದೆ.

ಭಟ್ಟಿ ಹೊತ್ತಿಸುವ ದಿನ ಬಂತು. ಇನಾಮದಾರ ಸರ್, ಪ್ರಕಾಶ ಮುಂಜಾನೆಯೇ ಸಾಮಾನಿನ ಟೆಂಪೋದಲ್ಲಿ ಹೋದರು. ನಾನು ಬೆಳಗಿನ ಪ್ಯಾಸೆಂಜರ್ ರೈಲು ಹಿಡಿದೆ. ಕಿಟಕಿಯ ಹತ್ತಿರ ಜಾಗ ಸಿಕ್ಕಿತ್ತು. ಚೀಲದಲ್ಲಿ ಹಾಳೆಗಳ ಕಾರ್ಬನ್ ಪ್ರತಿ ಇತ್ತು. ಹೊತ್ತು ಹೋಗಲಿ ಅಂತ ಹೊರತೆಗೆದೆ. ಮೊದಲಿನಿಂದ ಓದಲು ಬೇಸರ, ಹಿಂದಿನ ಹಾಳೆಯಿಂದ ಶುರುಮಾಡಿದೆ. ಹಿಂದಿನ ಹಾಳೆಗಳಲ್ಲಿದ್ದದ್ದು ಏನಾದರೂ ಕೆಟ್ಟಾಗ ಪ್ರೋಗ್ರಾಮು ಹೋಗುವ ದಾರಿ. ಜ್ವಾಲೆ ಕಾಣದಿದ್ದರೆ ಅಲ್ಲಿಗೆ ಜಿಗಿಯುತ್ತದೆ. ಮೊದಲು ವಾಲ್ವ್ ಮುಚ್ಚು. ವಾಲ್ವ್ "ಮುಚ್ಚಿದೆ" ಅಂತ ಹೇಳುವ ತನಕ ನೋಡು. ಆಮೇಲೆ ಪಂಪು ನಿಲ್ಲಿಸು. ಆಮೇಲೆ ಗಂಟೆ ಬಾರಿಸು.

ರೈಲು ದೇಸೂರು ಸ್ಟೇಶನ್ ದಾಟಿತ್ತು. ಕಣ್ಣು ಎರಡನೇ ಸಾಲಿನ ಮೇಲೆ ನಿಂತಿತು.

ಹೇಳುವ ತನಕ ನೋಡು. ಹೇಳದಿದ್ದರೆ?

ವಾಲ್ವ್ ಅರ್ಧಕ್ಕೆ ಸಿಕ್ಕಿಕೊಂಡರೆ ಅದು "ಮುಚ್ಚಿದೆ" ಅನ್ನುವುದೇ ಇಲ್ಲ. ಪ್ರೋಗ್ರಾಮು ಅಲ್ಲೇ ನಿಂತು ನೋಡುತ್ತಲೇ ಇರುತ್ತದೆ. ಪಂಪು ನಿಲ್ಲುವುದಿಲ್ಲ. ಎಣ್ಣೆ ಸುರಿಯುತ್ತಲೇ ಇರುತ್ತದೆ. ಗಂಟೆ ಹೊಡೆಯುವುದಿಲ್ಲ. ಆ ದಾರಿಯ ಎಲ್ಲಕ್ಕಿಂತ ಮೇಲಿನ ಸಾಲು ನೋಡಿದೆ. ತಪ್ಪಿನ ದಾರಿಗೆ ಬಂದಕೂಡಲೇ ಪ್ರೋಗ್ರಾಮು ಹೊರಗಿನ ಎಲ್ಲ ಕರೆಗಳಿಗೂ ಕಿವಿ ಮುಚ್ಚಿಕೊಳ್ಳುತ್ತಿತ್ತು, ನಡುವೆ ಯಾರೂ ತಡೆಯದಿರಲಿ ಅಂತ. ಅಂದರೆ ಮೇಸ್ತ್ರಿ ಎಲ್ಲವನ್ನೂ ನಿಲ್ಲಿಸುವ ಕೆಂಪು ಗುಂಡಿ ಒತ್ತಿದರೂ ಅದಕ್ಕೆ ಕೇಳಿಸುವುದಿಲ್ಲ!

ಆ ಹಾಳೆಯ ಕೆಳಗೆ ನನ್ನದೇ ಸಹಿ. ತಪ್ಪು ಆಗದಂತೆ ಕಾಯುವ ದಾರಿಗಳನ್ನೆಲ್ಲ ಓದಿದ್ದೆ. ತಪ್ಪಾದ ಮೇಲೆ ನಡೆಯುವ ದಾರಿಯನ್ನು, ಇದು ಹೇಗೂ ಕಾಪಾಡುವುದೇ ಅಲ್ಲವೇ ಅಂತ, ಕಣ್ಣಾಡಿಸಿ ಬಿಟ್ಟಿದ್ದೆ.

ರೈಲು ಅವತ್ತು ಹೋದಷ್ಟು ನಿಧಾನ ಎಂದೂ ಹೋಗಿರಲಿಕ್ಕಿಲ್ಲ. ಎದ್ದು ಬಾಗಿಲಿಗೆ ಹೋಗಿ ನಿಂತೆ. ಲೋಂಡಾಕ್ಕೆ ಹೊರಟಿದ್ದ ಒಬ್ಬ ಅಜ್ಜಿ "ಇನ್ನೂ ದೂರ ಐತವ್ವಾ, ಕುಂದರು" ಅಂದಳು. ಕುಳಿತುಕೊಳ್ಳಲು ಎಲ್ಲಿ ಸಾಧ್ಯ! ಖಾನಾಪುರದಲ್ಲಿ ರೈಲು ಪೂರ್ತಿ ನಿಲ್ಲುವ ಮೊದಲೇ ಇಳಿದೆ. ಟಾಂಗಾದವನಿಗೆ ಹಂಚಿನ ಕಾರ್ಖಾನೆ ಅಂದೆ. ಅವನು ನಿಧಾನವಾಗಿ ಬೀಡಿ ಹೊತ್ತಿಸಿಕೊಳ್ಳುವುದನ್ನು ಕಂಡು ಬಿಟ್ಟು ಓಡಿದೆ. ಸೀರೆಯ ನೆರಿಗೆ ಒಂದು ಕೈಯಲ್ಲಿ, ಹಾಳೆಗಳು ಇನ್ನೊಂದು ಕೈಯಲ್ಲಿ. ಖಾನಾಪುರದ ಪೇಟೆಯವರು ಅವತ್ತು ಏನಂದುಕೊಂಡರೋ.

ಭಟ್ಟಿಯ ಮುಂದೆ ಶಾಮಿಯಾನ. ಮಾಲೀಕರು, ನೆಂಟರಿಷ್ಟರು, ಭಟ್ಟಿಗೆ ಹೂವಿನ ಹಾರ. ಪ್ರಕಾಶ ಗುಂಡಿಯ ಹತ್ತಿರ ನಿಂತಿದ್ದಾನೆ, ಮಾಲೀಕರು ಬೆರಳು ಮುಂದೆ ಮಾಡಿದ್ದಾರೆ.

"ಒತ್ತಬ್ಯಾಡ್ರಿ!"

ನನ್ನ ದನಿ ಅಷ್ಟು ದೊಡ್ಡದಿದೆ ಅಂತ ನನಗೇ ಗೊತ್ತಿರಲಿಲ್ಲ. ಎಲ್ಲರೂ ತಿರುಗಿದರು.

"ಯಾರ್ರಿ ಈ ಬಾಯಿ?" ಅಂದರು ಮಾಲೀಕರು. "ಮುಹೂರ್ತ ಮೀರ್ತದ."

ಇನಾಮದಾರ ಸರ್ ಹತ್ತಿರ ಬಂದರು. ನನಗೆ ಉಸಿರು ಸಿಗುತ್ತಿರಲಿಲ್ಲ. ಹಾಳೆ ತೋರಿಸಿ ಸಾಲಿನ ಮೇಲೆ ಬೆರಳಿಟ್ಟೆ. "ಸರ್, ಇಲ್ಲಿ ಸಿಕ್ಕೊಂಡು ನಿಲ್ತದ. ನಾನ ಸಹಿ ಹಾಕೀನಿ. ನಂದ ತಪ್ಪು" ಅಂದೆ. ಪ್ರಕಾಶ ಹಾಳೆ ಇಣುಕಿ ನೋಡಿ, "ವಾಲ್ವ್ ಹೊಸಾದು ಸರ್. ಸಿಕ್ಕೊಳ್ಳೂದು ಹೆಂಗ?" ಅಂದ. ಆದರೆ ಅವನ ಮುಖ ಬಿಳಿಚಿಕೊಂಡಿತ್ತು.

ಸರ್ ಆ ಸಾಲನ್ನು ಇನ್ನೊಮ್ಮೆ ಓದಿದರು. ಆ ಗುತ್ತಿಗೆ ಕೈತಪ್ಪಿದರೆ ನಮ್ಮ ಶೆಡ್ಡಿನ ಬಾಗಿಲು ಮುಚ್ಚಬೇಕಾಗುತ್ತಿತ್ತು, ಅದು ನಮಗೆಲ್ಲ ಗೊತ್ತಿತ್ತು. ಆಮೇಲೆ ಮಾಲೀಕರ ಕಡೆ ತಿರುಗಿ, "ಸಾಹೇಬ್ರ, ಹತ್ತ ನಿಮಿಷ ಕೊಡ್ರಿ. ಎಣ್ಣಿ ಬಂದ ಮಾಡಿ ಸುಳ್ಳ ಸುಳ್ಳ ಹೊತ್ತಿಸಿ ನೋಡೂಣು. ಈಕಿ ಹೇಳಿದ್ದು ಸುಳ್ಳಾದ್ರ ನೀವ ಗುಂಡಿ ಒತ್ತಿ ಹೊತ್ತಿಸ್ರಿ" ಅಂದರು.

ತುಕಾರಾಮ್ ಮೇಸ್ತ್ರಿ ಪೈಪಿನ ಕೈ ವಾಲ್ವ್ ತಿರುಗಿಸಿ ಭಟ್ಟಿಗೆ ಒಂದು ಹನಿಯೂ ಹೋಗದಂತೆ ಬಿಗಿ ಮಾಡಿದರು. ಸರ್ ತಮ್ಮ ಕೈಯಿಂದಲೇ "ಮುಚ್ಚಿದೆ" ಅನ್ನುವ ತಂತಿ ಕಿತ್ತರು. ಗುಂಡಿ ಒತ್ತಿದರು. ಪಂಪು ಗುಂಯ್ ಅಂತ ಶುರುವಾಯಿತು. ಕಿಡಿ ಚಟಪಟ ಅಂದಿತು. ಎಣ್ಣೆಯಿಲ್ಲ, ಜ್ವಾಲೆಯಿಲ್ಲ. ಒಂದು, ಎರಡು, ಮೂರು, ನಾಲ್ಕು, ಐದು. ಕಿಡಿ ನಿಂತಿತು. ಗಂಟೆ ಹೊಡೆಯಲಿಲ್ಲ. ಪಂಪು ಗುಂಯ್ ಅನ್ನುತ್ತಲೇ ಇತ್ತು. ತುಕಾರಾಮ್ ಕೆಂಪು ಗುಂಡಿ ಒತ್ತಿದರು. ಗುಂಯ್. ಮತ್ತೆ ಒತ್ತಿದರು, ಅಂಗೈಯಿಂದ ಗುದ್ದಿದರು. ಗುಂಯ್. ಕೊನೆಗೆ ಪ್ರಕಾಶ ಮೇನ್ ಸ್ವಿಚ್ ಇಳಿಸಿದ.

ತುಕಾರಾಮ್ ತಿರುಗಿ ಮಾಲೀಕರಿಗೆ ಹೇಳಿದ್ದು ಒಂದೇ ಮಾತು: "ಮುಹೂರ್ತ ಇನ್ನೊಂದು ಸಿಗ್ತದ್ರಿ, ಮಾಲಕ."

ಮಾಲೀಕರು ಭಟ್ಟಿಯನ್ನೂ ಹಾರವನ್ನೂ ನೋಡಿದರು, ಆಮೇಲೆ ಬಂದವರಿಗೆಲ್ಲ ಊಟಕ್ಕೆ ಏಳಿರಿ ಅಂದರು. ಅಷ್ಟು ಸಿಟ್ಟಿನಲ್ಲೂ ನನ್ನನ್ನು ಊಟಕ್ಕೆ ಕರೆಯುವುದನ್ನು ಮರೆಯಲಿಲ್ಲ. ನಮಗೆ ಊಟ ಎಲ್ಲಿ ಬೇಕು! ಟೆಂಪೋದಲ್ಲೇ ಮಚ್ಛೆಗೆ ವಾಪಸು. ದಾರಿಯುದ್ದಕ್ಕೂ ಪ್ರಕಾಶ ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆದ, ಪಕ್ಕದಲ್ಲಿ ಕುಳಿತು ನಾನು ಓದಿದೆ, ಹೊಂಡ ಬಂದಾಗಲೆಲ್ಲ ಅಕ್ಷರ ಹಾರಿತು. ಹೊಸ ದಾರಿ ಹೀಗಾಯಿತು. ಮೊದಲು ಪಂಪು ನಿಲ್ಲಿಸು, ಗಂಟೆ ಬಾರಿಸು, ಆಮೇಲೆ ವಾಲ್ವ್ ಮುಚ್ಚು. ಮೂರು ಸೆಕೆಂಡು ಕಾಯಿ, "ಮುಚ್ಚಿದೆ" ಬರದಿದ್ದರೆ ಅದನ್ನೂ ಸಾರಿ ಹೇಳು, ನಿಲ್ಲಬೇಡ. ಕೆಂಪು ಗುಂಡಿಯನ್ನು ಪ್ರೋಗ್ರಾಮಿನ ಮೂಲಕ ತರುವುದನ್ನೇ ಬಿಟ್ಟು, ನೇರವಾಗಿ ಪಂಪಿನ ಕರೆಂಟಿಗೆ ಜೋಡಿಸಿದೆವು. ಆವತ್ತಿನಿಂದ ನಾನು ಯಾವ ಪ್ರೋಗ್ರಾಮನ್ನೂ ಮೊದಲಿನಿಂದ ಓದಿಲ್ಲ. ತಪ್ಪಿನ ದಾರಿಯನ್ನು ಮೊದಲು ಓದುತ್ತೇನೆ, ಅಲ್ಲೇ ಹೆಚ್ಚು ಹೊತ್ತು ನಿಲ್ಲುತ್ತೇನೆ. ಹೊಸದಾಗಿ ಸೇರುವವರಿಗೆ ನಾನು ಹೇಳುವುದು ಇದೊಂದನ್ನೇ.

ಪೆಟ್ಟಿಗೆಯ ಮೇಲೆ ಒಂದು ಕೆಂಪು ಅಂಕಿ ಬೆಳಗುವ ಜಾಗವಿತ್ತು. ಒಂದೊಂದು ಬಗೆಯ ತಪ್ಪಿಗೂ ಒಂದೊಂದು ಅಂಕಿ ಕೊಟ್ಟೆವು. ಅದರ ಅರ್ಥವನ್ನೂ ಆಗ ಏನು ಮಾಡಬೇಕು ಅನ್ನುವುದನ್ನೂ ಕನ್ನಡದಲ್ಲಿ, ಮರಾಠಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಭಟ್ಟಿಯ ಪಕ್ಕ ತೂಗಹಾಕಿದೆ. ತುಕಾರಾಮ್ ಅದನ್ನು ಆಳುಗಳಿಗೆಲ್ಲ ಬಾಯಿಪಾಠ ಮಾಡಿಸಿದರು. ನಾಲ್ಕು ದಿನ ತಡವಾಗಿ, ಹಾರವಿಲ್ಲದೆ, ಭಟ್ಟಿ ಹೊತ್ತಿತು.

ಎಂಟೊಂಬತ್ತು ತಿಂಗಳಾದ ಮೇಲೆ ಒಂದು ಮುಂಜಾನೆ ಮಚ್ಛೆಯ ಶೆಡ್ಡಿನಲ್ಲಿ ಫೋನ್ ಬಂತು. ನಾನೇ ಎತ್ತಿದೆ. ಆಚೆ ತುಕಾರಾಮ್, ಏದುಸಿರು.

"ಬಾಯಿ, ಏಳು ಬಂತ್ರಿ! ಏಳು!"

ಏಳು ಅಂದರೆ ವಾಲ್ವ್ ಮುಚ್ಚಿಲ್ಲ.

"ಮಂದಿ?" ಅಂದೆ.

"ಎಲ್ಲಾರೂ ಹೊರಗ ಅದಾರ. ಉರಿ ಆರಿತ್ತು. ಗಂಟಿ ಹೊಡೀತು, ಪಂಪ ತಾನ ನಿಂತಿತು, ಏಳು ಬಂತು. ನಾ ಕೈ ವಾಲ್ವ್ ತಿರುವಿದೆ. ಒಬ್ಬರಿಗೂ ಏನೂ ಆಗಿಲ್ಲ. ಬಾಯಿ, ಏಳು ಖರೇನ ಬಂತ್ರಿ!"

ಫೋನ್ ಇಟ್ಟು ಕೂಗಿದೆ. ಪ್ರಕಾಶ ಏನಾಯಿತು ಅಂತ ಓಡಿಬಂದ, "ಏಳು!" ಅಂದೆ, ಅವನು ಕುರ್ಚಿಯ ಮೇಲೆ ಹತ್ತಿ ನಿಂತ. ಇನಾಮದಾರ ಸರ್ ಎರಡೂ ಕೈಯಿಂದ ಮೇಜು ಬಡಿದರು. ನಮ್ಮ ಯಂತ್ರ ಕೆಟ್ಟಿದೆ ಅಂತ ಸುದ್ದಿ ಬಂದಾಗ ಇಡೀ ಶೆಡ್ಡು ಹಾಗೆ ಕುಣಿದದ್ದನ್ನು ಹೊರಗಿನವರು ನೋಡಿದ್ದರೆ ಹುಚ್ಚರೆನ್ನುತ್ತಿದ್ದರು.

ಮುಂದಿನ ಬಸ್ಸಿಗೆ ನಾನೂ ಪ್ರಕಾಶನೂ ಖಾನಾಪುರಕ್ಕೆ ಹೋದೆವು. ವಾಲ್ವ್ ಬಿಚ್ಚಿಟ್ಟಿದ್ದರು. ಬಾಯಿಯಲ್ಲಿ ಒಂದು ಹರಳಿನಷ್ಟು ಗಟ್ಟಿ ಕಸ ಸಿಕ್ಕಿಕೊಂಡಿತ್ತು, ಅಷ್ಟೇ. ಪ್ರಕಾಶ ಹೊಸ ವಾಲ್ವ್ ಕೂರಿಸತೊಡಗಿದ. ನಾನು ಭಟ್ಟಿಯ ಸುತ್ತ ಒಂದು ಸುತ್ತು ನಡೆದೆ. ಆ ಬದಿಯ ಗೋಡೆಯ ನೆರಳಲ್ಲಿ ಹಂಚು ಹೊರುವ ಹೆಂಗಸರು ಸಾಲಾಗಿ ಕುಳಿತು ಬುತ್ತಿ ಬಿಚ್ಚಿದ್ದರು. ರೊಟ್ಟಿ, ಮೆಣಸಿನಕಾಯಿ ಚಟ್ನಿ, ಯಾರದೋ ಸೊಸೆಯ ಮೇಲಿನ ದೂರು, ನಗು. ಮುಂಜಾನೆ ಗಂಟೆ ಹೊಡೆದಾಗ ಅರ್ಧ ದಿನ ಕೆಲಸ ನಿಂತಿತು ಅನ್ನುವುದು ಬಿಟ್ಟರೆ ಅವರಿಗೆ ಹೇಳುವಂಥದ್ದೇನೂ ಆಗಿರಲಿಲ್ಲ. ನಾನು ಯಾರು ಅಂತ ಅವರಿಗೆ ಗೊತ್ತಿರಲಿಲ್ಲ.

ನಾನು ನಿಂತೇ ಇದ್ದದ್ದನ್ನು ನೋಡಿ ಒಬ್ಬಾಕೆ ಜರುಗಿ ಜಾಗ ಮಾಡಿ, ಪಕ್ಕದ ನೆಲವನ್ನು ಅಂಗೈಯಿಂದ ತಟ್ಟಿದಳು. "ಬಸಾ ಬಾಯಿ, ಜೇವಾ" ಅಂದಳು ಮರಾಠಿಯಲ್ಲಿ, ಕುಳಿತುಕೊಂಡು ಉಣ್ಣಿ ಅಂತ.

ಗೋಡೆಗೆ ಬೆನ್ನು ಕೊಟ್ಟು ಕುಳಿತೆ. ಅವಳು ತನ್ನ ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟಳು.